ಎದೆಗೆ ತಾಕಬೇಕಾದ ಕಲ್ಲು

ನಾಗಮಂಗಲದ ಸಭೆಯಲ್ಲಿ ಮೈಕು ಕುಳ್ಳಗಿತ್ತು. ಹಾಸ್ಯ ಭಾಷಣಕ್ಕೆ ನಿಂತ ರಘುನಂದನ್ ಮೇಷ್ಟ್ರು ಬಗ್ಗಿದ್ದೇ ತಡ, ಅಂಗಿಯೊಳಗಿದ್ದ ಕಲ್ಲು ಕರಿದಾರದ ಸಮೇತ ಹೊರಗೆ ಜೋಲಿ ಹೊಡೆದು ಮೈಕಿಗೆ ಠಣ್ಣನೆ ಬಡಿಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಆವತ್ತು ಅವರಿಗೆ ದಕ್ಕಿದ ನಗು ಅದೊಂದೇ.

ಕಲ್ಲು ಅವರದಲ್ಲ, ಶ್ರೀರಂಗಪಟ್ಟಣದ ರೆಹಮತುನ್ನೀಸಾಳದು. ಕೋಟೆ ಬಳಿಯ ಅಂಗಡಿಗಳಿಗೆ ಮಣಿಸರ ಪೋಣಿಸಿಕೊಡುವ ಹೆಂಗಸು. ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಕೂತರೆ ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ತಮ್ಮನ ಮಗ ಅಜ್ಮಲ್ ಬಣ್ಣ ಬಳಿದ ಬೆಣಚುಕಲ್ಲನ್ನು ಟೂರಿಸ್ಟರಿಗೆ 'ಜಾಸ್ಪರ್' ರತ್ನ ಅಂತ ಸಾಗಹಾಕಿದಾಗಲಂತೂ ಅವಳ ಬೈಗುಳ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಅವಳ ತಾಯಿ ಬಿಟ್ಟುಹೋದ ಇಟ್ಟಿಗೆಗೆಂಪಿನ ಈ ಯಶಬ್ ಕಲ್ಲು ಮಾತ್ರ ಮಾರುವಂಥದ್ದಲ್ಲ; ಮೈಗೆ ತಾಕಿದರೆ ಎದೆಬಡಿತ ಇಳಿಸುತ್ತದೆಂದು ನಂಬಿಕೆ. ಎದೆ ಡವಗುಟ್ಟುವವರು ಯಾರೇ ಬರಲಿ, ಒಯ್ದು ಕಟ್ಟಿಕೊಳ್ಳಬಹುದು; ಹಗುರಾದ ಮೇಲೆ ತಾವಾಗಿಯೇ ತಂದುಕೊಡಬೇಕು. ಬಾಬುರಾಯನಕೊಪ್ಪಲಿನ ಚಿಕ್ಕಬೋರಮ್ಮ ಹೆರಿಗೆಗೆ ಮುಂಚೆ ಒಯ್ದು, ಬಾಳೆಗೊನೆ ಸಮೇತ ಹಿಂದಕ್ಕೆ ತಂದಿದ್ದಳು. ಭಾಷಣದ ಪುಕ್ಕಲಿಗೆ ಒಯ್ದವರು ಮೇಷ್ಟ್ರೊಬ್ಬರೇ.

ಮೈಕಿನ ಏಟಿಗೆ ಅಂಚು ಮುಕ್ಕಾಗಿತ್ತು. ಅದು ಕಾಣದಿರಲೆಂದು ಮೇಷ್ಟ್ರು ಅಕ್ಕಸಾಲಿಯ ಹತ್ತಿರ ಅಂಚಿಗೂ ಬೆನ್ನಿಗೂ ಬೆಳ್ಳಿ ಹೊದಿಸಿ, ಮೆಚ್ಚಿಕೊಂಡಾಳೆಂದು ತಂದುಕೊಟ್ಟರು.

ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕಲ್ಲು ಮೈಗೆ ತಾಕ್ಬೇಕು ಮೇಷ್ಟ್ರೇ. ನೀವು ಅದುಕ್ಕೆ ಕೋಟು ತೊಡ್ಸಿದ್ದೀರ."

ಮೇಷ್ಟ್ರಿಗೆ ತಪ್ಪಿಸಿಕೊಳ್ಳಲು ಗೊತ್ತಿದ್ದ ದಾರಿ ವಿದ್ಯೆಯೊಂದೇ. ಯಶಬ್, ಜಾಸ್ಪರ್ ಎರಡೂ ಒಂದೇ ಹಳೇ ಮಾತಿನ ಮಕ್ಕಳೆಂದರು. ಆ ಕಲ್ಲಿನ ಹಾಗೆ ಬಣ್ಣ ಕಲೆಸಿ ನೇಯ್ದ ಬಟ್ಟೆಗೂ ಫ್ರೆಂಚರು 'ಜಾಸ್ಪೆ' ಅನ್ನುತ್ತಾರೆಂದರು.

"ಇಷ್ಟೊಂದು ನೆಂಟ್ರು ಇರೋ ಕಲ್ಲು. ಬೆಳ್ಳಿ ಹೊದ್ಸೋಕೆ ಮುಂಚೆ ಒಬ್ರುನ್ನಾದ್ರೂ ಕೇಳ್ಬಾರ್ದಿತ್ತಾ?"

ಅಂದವಳೇ ಇಕ್ಕಳ ಹಾಕಿ ಬೆಳ್ಳಿಯನ್ನು ಕಿತ್ತಳು. ಒಳಗೆ ಕಲ್ಲಿನ ಬೆನ್ನು ತರಿತರಿ. ಬೆಳ್ಳಿ ಕಚ್ಚಲೆಂದು ಅಕ್ಕಸಾಲಿ ಅರದಿಂದ ಉಜ್ಜಿಬಿಟ್ಟಿದ್ದ. ರೆಹಮತುನ್ನೀಸಾ ಅದರ ಮೇಲೆ ಹೆಬ್ಬೆರಳಾಡಿಸಿದಳು. ಬೈಗುಳ ನಿಂತಿತು. ಮೇಷ್ಟ್ರಿಗೆ ನಿಜವಾಗಿ ಭಯವಾದದ್ದು ಆಗ.

"ಈ ಬೆನ್ನು ನುಣ್ಗಿತ್ತು. ನುಣ್ಗೆ ಮಾಡಿದ್ದು ಸಾಣೆ ಅಲ್ಲ, ನಮ್ಮಮ್ಮೀಜಾನ್. ಸಾಯೋಗಂಟ ಎದೆ ಮ್ಯಾಲೆ ಇಟ್ಕಂಡಿದ್ಳು."

ಬೆಳ್ಳಿಯ ತಗಡನ್ನು ಮೇಷ್ಟ್ರ ಕೈಗೆ ತುರುಕಿದಳು. ಕಲ್ಲಿಗೆ ಹೊಸ ದಾರ ಪೋಣಿಸಿ ತನ್ನ ಕೊರಳಿಗೇ ಕಟ್ಟಿಕೊಂಡು, ಕುಪ್ಪಸದೊಳಗೆ ಇಳಿಬಿಟ್ಟು, ಮತ್ತೆ ಮಣಿ ಪೋಣಿಸತೊಡಗಿದಳು. ಒಂದೊಂದು ಮಣಿಯನ್ನೂ ಎಳೆದ ರಭಸಕ್ಕೆ ದಾರ ಎರಡು ಸಲ ತುಂಡಾಯಿತು.

ಹೋಗಲೂ ಧೈರ್ಯ ಸಾಲದೆ ನಿಂತಿದ್ದ ಮೇಷ್ಟ್ರು ಕೊನೆಗೆ, ಸಿಟ್ಟು ಇಳಿಯಿತಾ ಎಂದು ಕೇಳಿದರು.

ಅವಳು ತಲೆ ಎತ್ತಲಿಲ್ಲ.

"ಇದು ಎದೆಬಡ್ತುಕ್ಕೆ ಮೇಷ್ಟ್ರೇ. ಸಿಟ್ಟಿಗಲ್ಲ."