ಅತ್ತೆ ಮನೆಯ ಮದುವೆ ಪೇಡೆ

ಇವತ್ತು ಹುಮನಾಬಾದಿನ ಬಸ್ ನಿಲ್ದಾಣದ ಬಳಿ ಯಾರೋ ಖೋವಾ ಕಾಸುತ್ತಿದ್ದರು. ಆ ಪರಿಮಳಕ್ಕೆ ಬಸವಕಲ್ಯಾಣದ ನಮ್ಮ ಪೇಡೆ ಅಂಗಡಿಯೂ ಬಾಣಲೆಯ ಮುಂದೆ ಬೆವರುತ್ತ ಕೂತ ಅಪ್ಪನೂ ಕಣ್ಣೆದುರು ಬಂದರು.

ಉಳಿದ ಅಂಗಡಿಗಳವರು ಖೋವಾಕ್ಕೆ ಮೈದಾ ಬೆರೆಸಿ ಅಗ್ಗಕ್ಕೆ ಮಾರತೊಡಗಿದಾಗ ನಮ್ಮ ಗಿರಾಕಿಗಳೆಲ್ಲ ಅತ್ತ ಹೋದರು.

“ನೀವೂ ಒಂದೀಟು ಬೆರಸ್ರಿ, ಮನಿ ನಡೀಬೇಕಲ್ಲ?” ಎಂದು ಅವ್ವ ಗೋಗರೆದಳು.

“ನಮ್ಮ ಅಕ್ಕನ ಮಕ್ಕಳೂ ಇದೇ ಪೇಡೆ ತಿಂತಾವ. ಹ್ಯಾಂಗ ಬೆರಸಲಿ?” ಎಂದರು ಅಪ್ಪ.

ಅದೇ ಅಕ್ಕನ, ಅಂದರೆ ನನ್ನ ಅತ್ತೆಯ ಮಗಳಿಗೆ ಮದುವೆ ಗೊತ್ತಾಯಿತು. ಅಪ್ಪ ಬಾಣಲೆ ತಿಕ್ಕಿ, ಹೆಚ್ಚಿನ ಹಾಲಿಗೆ ಹೇಳಿಟ್ಟು ಕಾದರು. ಅತ್ತೆಯ ಮನೆಯಿಂದ ಯಾರೂ ಬರಲಿಲ್ಲ. ಮದುವೆಯೂಟದಲ್ಲಿ ನಮ್ಮ ಎಲೆಗೆ ಬಿದ್ದದ್ದು ಎದುರಂಗಡಿಯ ಪೇಡೆ.

ಅತ್ತೆ ಬಳಿ ಬಂದು ತಲೆ ತಗ್ಗಿಸಿ, “ಮಂದಿ ಭಾಳ ಆತು ತಮ್ಮಾ, ಅಲ್ಲಿ ಸಸ್ತಾ ಸಿಕ್ತು” ಎಂದಳು.

ಅಪ್ಪ ಆ ಪೇಡೆಯನ್ನು ಪೂರ್ತಿ ತಿಂದು, “ಚಲೋ ಆಗ್ಯಾವ, ಅಕ್ಕಾ” ಎಂದರು.

ಮರುದಿನದಿಂದ ಅವರು ಅಂಗಡಿಯ ಒಲೆ ಹಚ್ಚಲಿಲ್ಲ. ಹುಮನಾಬಾದಿನ ಫ್ಯಾಕ್ಟರಿಯೊಂದರಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿ, ಅಲ್ಲೇ ಸವೆದು ಹೋದರು.

ಅತ್ತೆಯ ಮೇಲೆ ನನಗೀಗ ಸಿಟ್ಟಿಲ್ಲ. ಅವಳಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡುವುದಿತ್ತು. ಆದರೂ ಅಪ್ಪ ಅಂದು ನಗುನಗುತ್ತ ತಿಂದದ್ದು ನೆನಪಾಗಿ, ಖೋವಾ ಕಾಸುವಲ್ಲಿ ನಿಲ್ಲದೆ ಬಸ್ಸು ಹತ್ತಿಬಿಟ್ಟೆ.