ಹಿಂದಿನ ಸೀಟಿನ ಲಿವರ್

ಬೈಲಹೊಂಗಲದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿಯಿದೆ. ಹುಟ್ಟುಹಬ್ಬ, ಮದುವೆ, ಚುನಾವಣೆ, ಸವದತ್ತಿ ಗುಡ್ಡಕ್ಕೆ ಹೋಗುವ ಭಕ್ತರಿಗೆ ಸುಸ್ವಾಗತ, ಏನೇ ಇದ್ದರೂ ಬ್ಯಾನರ್ ನನ್ನಲ್ಲಿ ಆಗುತ್ತದೆ. ದಿನವಿಡೀ ನಾನು ಮಾಡುವ ಕೆಲಸವೆಂದರೆ ಜನರ ಮುಖದ ಕಲೆ ಅಳಿಸುವುದು. ಮೊಡವೆ ತೆಗೆ, ಕಣ್ಣ ಕೆಳಗಿನ ಕಪ್ಪು ತೆಗೆ, ನೆತ್ತಿಗೆ ನಾಲ್ಕು ಕೂದಲು ಹೆಚ್ಚಿಗೆ ಇಡು. ರಾಮದುರ್ಗ ಕಡೆಯ ಒಬ್ಬ ಗಿರಾಕಿ ತಮ್ಮ ಹೊಟ್ಟೆಯನ್ನೇ ತೆಗೆಸಿದರು. ಮರುದಿನ ಅದೇ ಬ್ಯಾನರಿನ ಕೆಳಗೆ, ಹೊಟ್ಟೆ ಸಮೇತ ನಿಂತು ಎಲ್ಲರಿಗೂ ಕೈಮುಗಿದರು.

ಅದಕ್ಕೇ ಇರಬೇಕು, ಯುದ್ಧವಿಮಾನವನ್ನು ನಿಜದಂತೆಯೇ ಹಾರಿಸುವ ಆಟ, ಸಿಮ್ಯುಲೇಟರನ್ನು ಕಂಪ್ಯೂಟರಿಗೆ ಹಾಕಿಕೊಂಡು ಮೊದಲ ಸಲ ತೆರೆದಾಗ ನಾನು ಹಾರಲೇ ಇಲ್ಲ, ಸುಮ್ಮನೆ ನೋಡುತ್ತ ಕೂತೆ. ಪೈಲಟ್‌ನ ತಲೆಯ ಮೇಲಿನ ಗಾಜಿನಲ್ಲಿ ಗೀರುಗಳಿದ್ದವು. ಕಾಲಿಡುವ ಜಾಗದಲ್ಲಿ ಬೂಟು ಉಜ್ಜಿ ಉಜ್ಜಿ ಬಣ್ಣ ಹೋಗಿತ್ತು. ಹೆಚ್ಚು ಒತ್ತುವ ಗುಂಡಿಗಳ ಮೇಲಿನ ಅಕ್ಷರಗಳು ಸವೆದಿದ್ದವು, ಅಪರೂಪಕ್ಕೆ ಒತ್ತುವವು ಹೊಸದಾಗಿಯೇ ಇದ್ದವು. ಸಂಜೆ ಬಿಸಿಲು ಎದುರಿಗೆ ಬಂದರೆ ಆ ಗೀರುಗಳೆಲ್ಲ ಹೊಳೆದು ಎದುರಿನ ವಿಮಾನವೇ ಕಾಣುವುದಿಲ್ಲ. ಯಾರೋ ಪುಣ್ಯಾತ್ಮರು ಎಲ್ಲೋ ಕೂತು, ಇಷ್ಟು ಕೊಳೆಯನ್ನು ಶ್ರದ್ಧೆಯಿಂದ ಬರೆದಿದ್ದರು. ಕೊಳೆ ಅಳಿಸಿ ಹೊಟ್ಟೆ ಹೊರೆಯುವ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ನಾನು ಹಾರಿಸುವುದು ಹಿಂದೆ ಹಡಗಿನ ಮೇಲಿಂದ ಏಳುತ್ತಿದ್ದ ಒಂದು ಹಳೆಯ ಜೆಟ್. ಎರಡು ಎಂಜಿನ್, ಎರಡು ಸೀಟು. ವೇಗ ಹೆಚ್ಚಾದಂತೆ ಅದರ ರೆಕ್ಕೆ ತಾನಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ, ನಿಧಾನವಾದರೆ ಮತ್ತೆ ಚಾಚಿಕೊಳ್ಳುತ್ತದೆ. ನೋಡಲು ಎಷ್ಟು ಚೆಂದವೋ ಸ್ವಭಾವ ಅಷ್ಟೇ ಕೆಟ್ಟದ್ದು. ಮೂತಿ ಮೇಲೆತ್ತಿಕೊಂಡು ವೇಗ ಕಳೆದುಕೊಂಡಾಗ ಗಡಬಡಿಸಿ ಎಂಜಿನ್ನಿಗೆ ಜೋರು ಕೊಟ್ಟರೆ, ಒಂದು ಎಂಜಿನ್ ಉಸಿರುಗಟ್ಟಿ ಆರುತ್ತದೆ. ಇನ್ನೊಂದು ಉರಿಯುತ್ತಲೇ ಇರುತ್ತದೆ. ಆಗ ವಿಮಾನ ಬುಗುರಿಯಂತೆ ಗರಗರ ತಿರುಗುತ್ತ ಕೆಳಗೆ ಬೀಳುತ್ತದೆ. ನಿಜವಾದ ವಿಮಾನಕ್ಕಿದ್ದ ಈ ಐಬನ್ನು ಸಿಮ್ಯುಲೇಟರ್ ಮಾಡಿದವರು ಮುಚ್ಚಿಟ್ಟಿಲ್ಲ. ಅವರ ಬಗ್ಗೆ ನನಗಿರುವ ಗೌರವದ ಅರ್ಧ ಭಾಗ ಇದಕ್ಕೇ ಸಲ್ಲಬೇಕು. ಇದೆಲ್ಲವನ್ನೂ ಸೆಟ್ಟಿಂಗಿನಲ್ಲಿ ಬಂದ್ ಮಾಡಿ, ಮುಗಿಯದ ಕ್ಷಿಪಣಿ ಹಾಕಿಕೊಂಡು ಆಡುವವರೂ ಇದ್ದಾರೆ. ಅವರು ಕಾಸು ಹಾಕಿದರೆ ಕುಣಿಯುವ ಪ್ಲಾಸ್ಟಿಕ್ ಕುದುರೆಯ ಮೇಲೆ ಕೂರಲಿ, ನನ್ನ ತಕರಾರಿಲ್ಲ.

ಹಿಂದಿನ ಸೀಟಿನಲ್ಲಿ ಕೂರುವವನು ನನ್ನ ಅಣ್ಣ. ಸಂಗೊಳ್ಳಿಯಲ್ಲಿ ತನ್ನ ಪಾಲಿನ ಹೊಲ ನೋಡಿಕೊಂಡು, ಕಬ್ಬು ಬೆಳೆದು ಹುಬ್ಬಳ್ಳಿ ಕಾರ್ಖಾನೆಗೆ ಕಳಿಸುವವನು. ನಾವು ಹುಬ್ಬಳ್ಳಿ ಎನ್ನುವುದು ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಗೆ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧಕ್ಕೆ ಇಳಿಸಿ, ಡಿಸೈನಿಗೆಂದು ಕೊಂಡ ಎರಡು ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ. ವಿಮಾನ ಒಂದು, ನಾವಿಬ್ಬರು. ಹಿಂದಿನ ಸೀಟಿನಲ್ಲಿ ವಿಮಾನ ನಡೆಸುವ ಕೋಲೇ ಇಲ್ಲ. ಅಲ್ಲಿರುವುದು ರೇಡಾರು ಮತ್ತು ಗುಂಡಿಗಳು. ಹಿರಿಯನಾದ ನೀನೇ ಮುಂದೆ ಕೂರು ಎಂದರೆ ಅವನು ಒಪ್ಪಿರಲಿಲ್ಲ.

"ಹಾರಿಸೂದು ನಿನಗ ಬಿಟ್ಟೇನಿ. ಯಾರ ಎಲ್ಲಿ ಅದಾರ ಅಂತ ನಾ ಹೇಳ್ತೇನಿ" ಎಂದಿದ್ದ.

ಮತ್ತು ಎಂಥ ಚೆಂದ ಹೇಳುತ್ತಿದ್ದ. ಈ ರೇಡಾರು ಸಿನೆಮಾದಲ್ಲಿ ತೋರಿಸುವಂಥದ್ದಲ್ಲ. ವೈರಿ ವಿಮಾನ ಅಡ್ಡಡ್ಡ ಹಾರಿದರೆ ಅದಕ್ಕೆ ಕಾಣುವುದಿಲ್ಲ, ನೆಲಕ್ಕೆ ಅಂಟಿಕೊಂಡು ಬಂದರೆ ಗೊಂದಲವಾಗುತ್ತದೆ. ಅಣ್ಣ ಆ ಹಸಿರು ಚುಕ್ಕೆಗಳನ್ನು ನೋಡುತ್ತ, ಮರೆಯಾದ ಚುಕ್ಕೆ ಮತ್ತೆ ಎಲ್ಲಿ ಏಳುತ್ತದೆಂದು ಮೊದಲೇ ಹೇಳಿಬಿಡುತ್ತಿದ್ದ. ಅವನ ಸಹನೆಯಲ್ಲಿ ಕಾಲುಭಾಗವೂ ನನಗಿಲ್ಲ.

ಇಲ್ಲಿ ಆ ಲಿವರಿನ ವಿಷಯ ಹೇಳಬೇಕು. ವಿಮಾನ ಕೈಕೊಟ್ಟಾಗ ಸೀಟಿನ ಹಿಡಿಕೆ ಎಳೆದರೆ, ಮೇಲಿನ ಗಾಜು ಹಾರಿಹೋಗಿ, ಮನುಷ್ಯ ಸೀಟಿನ ಸಮೇತ ಹೊರಗೆ ಚಿಮ್ಮುತ್ತಾನೆ. ಆಮೇಲೆ ಪ್ಯಾರಾಚೂಟ್ ಬಿಚ್ಚುತ್ತದೆ. ಮುಂದಿನವನು ಎಳೆದರೆ ಇಬ್ಬರೂ ಪಾರು. ಹಿಂದಿನವನು ಎಳೆದರೆ ಏನಾಗಬೇಕೆಂದು ಅವನ ಪಕ್ಕದ ಒಂದು ಸಣ್ಣ ಲಿವರ್ ನಿರ್ಧರಿಸುತ್ತದೆ. ಒಂದು ಕಡೆಗಿದ್ದರೆ ಅವನೊಬ್ಬನೇ ಹೊರಗೆ, ಇನ್ನೊಂದು ಕಡೆಗಿದ್ದರೆ ಇಬ್ಬರೂ. ಇಬ್ಬರೂ ಹೋಗುವಾಗ ಹಿಂದಿನ ಸೀಟು ಮೊದಲು ಚಿಮ್ಮಬೇಕು, ಮುಂದಿನದು ಒಂದು ಉಸಿರಿನಷ್ಟು ತಡೆದು. ಇಲ್ಲದಿದ್ದರೆ ಮುಂದಿನ ಸೀಟಿನ ಬೆಂಕಿ ಹಿಂದಿನವನನ್ನು ಸುಡುತ್ತದೆ. ಸಿಮ್ಯುಲೇಟರ್ ಮಾಡಿದವರು ಇಷ್ಟನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಆಟ ಶುರುವಾದಾಗ ಲಿವರ್ ಯಾವಾಗಲೂ 'ಒಬ್ಬನೇ' ಎಂಬ ಕಡೆಗಿರುತ್ತದೆ, ಪ್ರತಿ ಸಲ ಕೈಯಾರೆ ತಿರುಗಿಸಬೇಕು. ಮುಂದಿನ ಸೀಟಿಗೆ ಅದು ಕಾಣುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಬಾಯಲ್ಲಿ ಒಪ್ಪಿಸುವ ಪಾಠದಲ್ಲಿ ಅದೂ ಒಂದು ಸಾಲು. ನಾನು "ಲಿವರ್?" ಎನ್ನುತ್ತಿದ್ದೆ. ಅವನು "ಇಬ್ರೂ" ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ನಮ್ಮಿಬ್ಬರ ಮಾತು ನಿಂತಿತು. ಕಾರಣ ನೀರು. ಹೊಲದಲ್ಲಿ ಬೋರ್‌ವೆಲ್ ಒಂದೇ, ಅವನ ಪಾಲಿನ ಕಬ್ಬಿಗೆ ಒಂದು ದಿನ, ಆಳುಗಳು ನೋಡಿಕೊಳ್ಳುವ ನನ್ನ ಪಾಲಿಗೆ ಒಂದು ದಿನ, ಹೀಗೆ ಪಾಳಿ. ಅವನ ಪಾಳಿಯ ದಿನ ಪೈಪಿನ ವಾಲ್ವ್ ನನ್ನ ಹೊಲದ ಕಡೆಗೆ ತಿರುಗಿತ್ತು. ಯಾರು ತಿರುಗಿಸಿದರೋ ಇಂದಿಗೂ ಗೊತ್ತಿಲ್ಲ. ನಾನಂತೂ ಆ ದಿನ ಅಂಗಡಿಯಲ್ಲಿ ಯಾರದೋ ಮೀಸೆ ತಿದ್ದುತ್ತಿದ್ದೆ. ಮರುದಿನ ಹೊಲಕ್ಕೆ ಹೋದಾಗ ಅಣ್ಣ ಆಳುಗಳ ಎದುರಿಗೇ, "ತುಡುಗು ನೀರಿನಾಗ ಬೆಳದ ಕಬ್ಬು ಸಿಹಿ ಆಗತೈತೇನ?" ಎಂದ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಡಬಾರದ್ದನ್ನೆಲ್ಲ ಆಡಿ ಬಂದೆ. ಆಮೇಲೆ ಏನಿದ್ದರೂ ಅವ್ವನ ಮೂಲಕ. ಅವ್ವ ಅವನ ಮನೆಯಲ್ಲಿರುತ್ತಾಳೆ. ಫೋನ್ ಮಾಡಿ ಅವನ ಮಾತು ನನಗೆ, ನನ್ನ ಮಾತು ಅವನಿಗೆ ಮುಟ್ಟಿಸುತ್ತ ಅವಳು ಸುಸ್ತಾದಳು.

ಹಿಂದಿನ ಸೀಟಿಗೆ ಕಂಪ್ಯೂಟರನ್ನೇ ಕೂರಿಸುವ ಸೌಲಭ್ಯವೂ ಇದರಲ್ಲಿದೆ. ಕೆಲವು ಭಾನುವಾರ ಹಾಗೇ ಹಾರಿದೆ. ಬಹಳ ಜಾಣ ಕಂಪ್ಯೂಟರ್, ತಪ್ಪು ಹುಡುಕುವಂತಿರಲಿಲ್ಲ. ಆದರೆ ನಾನು ಏನು ಮಾಡಿದರೂ ಅದು ಬೈಯುತ್ತಿರಲಿಲ್ಲ. ನನಗೆ ಬೇಜಾರಾಯಿತು. ಆಮೇಲೊಂದು ಭಾನುವಾರ ಶಟರಿನ ಕೆಳಗಿಂದ ಪರಿಚಿತ ಚಪ್ಪಲಿಗಳು ಕಂಡವು. ಅಣ್ಣ ಬಗ್ಗಿ ಒಳಗೆ ಬಂದ, ನನ್ನತ್ತ ನೋಡದೆ ತನ್ನ ಖುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡ. ನಾನು ಕೇಬಲ್ ಜೋಡಿಸಿದೆ.

ಅಲ್ಲಿಂದ ಒಂದು ವಿಚಿತ್ರ ಸಂಸಾರ ನಡೆಯಿತು. ವಿಮಾನಕ್ಕೆ ಬೇಕಾದ ಮಾತು ಮಾತ್ರ. ಬೇಡವೆಂದರೂ ಆಡಲೇಬೇಕು, ಆ ವಿಮಾನ ಇಬ್ಬರು ಮಾತಾಡದೆ ಯುದ್ಧ ಮಾಡುವಂಥದ್ದಲ್ಲ. ಆದರೆ ಎಂದೂ ಇಲ್ಲದ ಮರ್ಯಾದೆ ಬಂದುಬಿಟ್ಟಿತ್ತು.

"ಎಡಕ್ಕ ತಿರುಗ್ರಿ. ಇಬ್ಬರು ಬರಾಕತ್ತಾರ."

"ಎಷ್ಟ ದೂರ ಅದಾರ್ರಿ?"

"ಹತ್ರ ಅದಾರ. ವೇಗ ಕಳಕೋಬ್ಯಾಡ್ರಿ."

ಇಳಿದ ಮೇಲೆ ಮತ್ತೆ ಬಾಯಿಗೆ ಬೀಗ. ನಾನು ತರಿಸಿದ ಚಹಾ ಕುಡಿಯುತ್ತಿದ್ದ, ಹೋಗುವಾಗ ಹೇಳದೇ ಹೋಗುತ್ತಿದ್ದ. ಅವ್ವನಿಗೆ ಇದು ತಿಳಿದು ಫೋನಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಮುಗಲಾಗ ಮಾತಾಡ್ತೀರಂತ, ಮಣ್ಣಾಗ ಯಾಕ ಬಾಯಿ ಹೊಲಕೊಂಡೀರಿ? ನಾ ಏನ್ ನಿಮ್ಮ ತಂತಿ ಆಫೀಸೇನ?" ಎಂದಳು.

ಅಣ್ಣ ಮರಳಿ ಬಂದ ಆ ಮೊದಲ ಭಾನುವಾರದಿಂದಲೇ ಪಾಠದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಎಣ್ಣೆ, ರೆಕ್ಕೆ, ರೇಡಾರು ಎಲ್ಲ ಕೇಳುತ್ತಿದ್ದೆ. ಲಿವರಿನ ಸಾಲು ಬಂದಾಗ ಬಾಯಿ ಏಳುತ್ತಿರಲಿಲ್ಲ, ಮುಂದಿನದಕ್ಕೆ ಜಿಗಿಯುತ್ತಿದ್ದೆ. ಅವನೂ ತಡೆಯುತ್ತಿರಲಿಲ್ಲ. ಕೇಳಿದರೆ 'ಒಬ್ಬನೇ' ಎಂದುಬಿಟ್ಟರೆ ಏನು ಮಾಡುವುದು? ನನ್ನನ್ನು ಕಳ್ಳನೆಂದವನು ನನಗಾಗಿ ಅದನ್ನು ಯಾಕೆ ತಿರುಗಿಸಬೇಕು? ಬರೀ ಆಟ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ, ಪ್ರತಿ ಭಾನುವಾರ ವಿಮಾನ ನೆಲ ಬಿಡುವಾಗ ನನ್ನ ಬೆನ್ನಿಗೆ ಅದೊಂದೇ ಯೋಚನೆ. ಹಿಂತಿರುಗಿ ಅವನ ಪರದೆ ನೋಡಬಹುದಿತ್ತು. ಕುತ್ತಿಗೆ ತಿರುಗಿಸಿದರೆ ಸೋತಂತೆ ಎಂದು ನೋಡಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ. ನಾನೊಬ್ಬ ವೈರಿಯ ಬೆನ್ನು ಹತ್ತಿದ್ದೆ. ಅವನು ಮೇಲೇರಿದ, ನಾನೂ ಮೂತಿ ಎತ್ತಿದೆ. ವೇಗ ಇಳಿಯುತ್ತಿತ್ತು, ವಿಮಾನ ನಡುಗತೊಡಗಿತು.

"ಬಿಡ್ರಿ ಅವನ್ನ. ಮೂತಿ ಇಳಸ್ರಿ" ಎಂದ ಅಣ್ಣ.

ಆ ಹೊತ್ತಿಗೆ ನನಗೆ ಅವನ ಬುದ್ಧಿಮಾತು ಕೇಳುವ ಮನಸ್ಸಿರಲಿಲ್ಲ. ಇನ್ನೂ ಜಗ್ಗಿ, ಎಂಜಿನ್ನಿಗೆ ಒಮ್ಮೆಲೇ ಜೋರು ಕೊಟ್ಟೆ. ಢಬ್ ಎಂದಿತು. ಎಡದ ಎಂಜಿನ್ ಆರಿತು. ವಿಮಾನ ಮೊದಲು ಸಾವಕಾಶ, ಆಮೇಲೆ ಗರಗರ ತಿರುಗತೊಡಗಿತು. ತಿರುಗುವ ರಭಸಕ್ಕೆ ಮುಂದೆ ಕೂತ ಪೈಲಟ್‌ಗೆ ಮೊದಲು ಎಚ್ಚರ ತಪ್ಪುತ್ತದೆ, ಅದನ್ನೂ ಸಿಮ್ಯುಲೇಟರ್ ಮಾಡಿದವರು ಹಾಗೇ ಇಟ್ಟಿದ್ದಾರೆ. ನನ್ನ ಪರದೆ ಅಂಚಿನಿಂದ ಕಪ್ಪಾಗುತ್ತ ಬಂದು ಪೂರ್ತಿ ಮುಚ್ಚಿತು. ಹೊರಗೆ ಚಿಮ್ಮಿಸುವ ಹಿಡಿಕೆಯ ಗುಂಡಿಯನ್ನು ಕುಟ್ಟಿದೆ. ಎಚ್ಚರವಿಲ್ಲದವನ ಕೈಯನ್ನು ವಿಮಾನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕತ್ತಲೆಯಲ್ಲಿ ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು.

ಹಿಂದಿನಿಂದ ಗಾಜು ಕಿತ್ತುಹೋದ ಸದ್ದು. ಅದರ ಬೆನ್ನಿಗೇ ಹಿಂದಿನ ಸೀಟು ಚಿಮ್ಮಿದ ಸದ್ದು.

ಹೋದ, ಎಂದುಕೊಂಡೆ. ಒಂದು ಉಸಿರಿನಷ್ಟೇ ಹೊತ್ತು. ಅಷ್ಟರಲ್ಲಿ ನಾವು ಸಣ್ಣವರಿದ್ದಾಗ ಒಂದೇ ಸೈಕಲ್ಲಿನಲ್ಲಿ ಸಾಲೆಗೆ ಹೋಗುತ್ತಿದ್ದದ್ದು, ಇಳಿಜಾರಿನಲ್ಲಿ ಅವನು ಒಂದು ಕೈ ಹಿಂದೆ ಚಾಚಿ ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದದ್ದು ನೆನಪಾಯಿತು. ಐವತ್ತರ ಹತ್ತಿರದ ಗಂಡಸು ಫ್ಲೆಕ್ಸ್ ಅಂಗಡಿಯಲ್ಲಿ ಕೂತು ಆಟಕ್ಕೆ ಅಳುವುದೆಂದರೆ ನಾಚಿಕೆಗೇಡು, ಆದರೂ ಆಗಿದ್ದು ಅದೇ.

ಆಗ ನನ್ನ ಸೀಟೂ ಚಿಮ್ಮಿತು.

ಪರದೆಯ ಮೇಲೆ ನಿಧಾನವಾಗಿ ಬೆಳಕು ಮರಳಿತು. ತಲೆಯ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡಿತ್ತು. ಸ್ವಲ್ಪ ಆಚೆಗೆ ಇನ್ನೊಂದು ಪ್ಯಾರಾಚೂಟ್ ತೇಲುತ್ತಿತ್ತು. ಕೆಳಗೆ ಎಲ್ಲೋ ವಿಮಾನ ಬಿದ್ದು ಹೊಗೆ ಎದ್ದಿತು. ಆ ಪ್ಯಾರಾಚೂಟಿನ ಬಟ್ಟೆಗೂ ಅವರು ಹೊಲಿಗೆ ಬರೆದಿದ್ದಾರೆ. ನಾನು ಅದನ್ನೇ ನೋಡುತ್ತ ಕೂತೆ.

ನೆಲ ಮುಟ್ಟುವ ಮೊದಲೇ ಹೆಡ್‌ಫೋನಿನಲ್ಲಿ ಅಣ್ಣನ ದನಿ ಕೇಳಿತು. "ಮೂತಿ ಇಳಸ ಅಂದ್ರ ಏರಿಸ್ತಿ. ಸಣ್ಣಾವ ಇದ್ದಾಗಿಂದ ಹಿಂಗ ನೀ."

ಹೆಡ್‌ಫೋನ್ ತೆಗೆದಿಡುತ್ತ, "ಲಿವರ್ ಯಾವಾಗ್ಲೂ ಅಲ್ಲೇ ಇಟ್ಟೇನಿ. ನೀನ ಕೇಳೂದ ಬಿಟ್ಟಿ" ಎಂದ.

ನಾನು ಹೂಂ ಎಂದೆ. ಅವನು ಚಹಾ ಕುಡಿದು, ಎಂದಿನಂತೆ ಹೇಳದೇ ಹೋದ.

ನೀರಿನ ತಕರಾರು ಇನ್ನೂ ಬಗೆಹರಿದಿಲ್ಲ. ಬಗೆಹರಿಯುತ್ತದೆ ಎಂಬ ಭರವಸೆಯೂ ಪೂರ್ತಿ ಇಲ್ಲ. ಅವ್ವ ಈಗಲೂ ಫೋನ್ ಮಾಡುತ್ತಾಳೆ. ಆದರೆ ಅದರ ಮುಂದಿನ ಭಾನುವಾರ ಶಟರ್ ಅರ್ಧಕ್ಕಿಳಿಸಿ ಕೂತಾಗ ನಾನು ಪಾಠ ಶುರುಮಾಡಿದೆ. ಎಣ್ಣೆ ಕೇಳಿದೆ, ಹೇಳಿದ. ರೆಕ್ಕೆ ಕೇಳಿದೆ, ಹೇಳಿದ. ರೇಡಾರು ಕೇಳಿದೆ, ಹೇಳಿದ. ಆ ಸಾಲು ಬಂತು, ಈ ಸಲ ಜಿಗಿಯಲಿಲ್ಲ.

"ಲಿವರ್?"

"ಇಬ್ರೂ" ಎಂದ ಅಣ್ಣ. "ಮುಂದಿನ ಸಾಲ ಓದು."