ಮಾರ್ಚ್ ತಿಂಗಳ ಸ್ವೆಟರ್

ನನ್ನ ದನಿ ದೊಡ್ಡದು. ಹೆಮ್ಮೆಯಿಂದ ಹೇಳುತ್ತಿಲ್ಲ. ಕೊರಟಗೆರೆಯ ನಮ್ಮ ಬೀದಿಯಲ್ಲಿ ನಾನು ಮೊಮ್ಮಗಳನ್ನು ಊಟಕ್ಕೆ ಕರೆದರೆ ಎದುರುಮನೆಯ ಮಕ್ಕಳೂ ಹೋಗಿ ಕೈ ತೊಳೆದುಕೊಳ್ಳುತ್ತವೆ. ಬಹಳ ವರ್ಷ ಈ ದನಿಯನ್ನೇ ನಾನು ನಾಯಕತ್ವ ಎಂದು ತಿಳಿದಿದ್ದೆ.

ನಾನು ಹೆಚ್ಚು ಓದಿದವಳಲ್ಲ. ಎಸ್ಸೆಸ್ಸೆಲ್ಸಿಯನ್ನು ಮದುವೆಯಾದ ಮೇಲೆ, ಮೂರನೇ ಸಲಕ್ಕೆ, ಗಣಿತದಲ್ಲಿ ಮೂವತ್ತೈದು ತೆಗೆದು ಮುಗಿಸಿದೆ. ಅಂಗನವಾಡಿ ಕಾರ್ಯಕರ್ತೆಯಾಗಿ ಇಪ್ಪತ್ತು ವರ್ಷಕ್ಕೂ ಮೇಲೆ ಊರ ಮಕ್ಕಳ ಮೂಗು ಒರೆಸಿದ ನಂತರ ನನಗೆ ಬಡ್ತಿ ಬಂತು. ಮೇಲ್ವಿಚಾರಕಿಯಾದೆ. ಐ.ಡಿ.ಹಳ್ಳಿ ಕಡೆಯ ಮೂವತ್ತು ಅಂಗನವಾಡಿಗಳು ನನ್ನ ಕೈಕೆಳಗೆ ಬಂದವು. ಹಿಂದಿನ ದಿನದವರೆಗೆ "ಅಕ್ಕಾ" ಎನ್ನುತ್ತಿದ್ದ ಹೆಂಗಸರು ಮರುದಿನ "ಮೇಡಂ" ಎಂದರು. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಕೇಳುವುದಕ್ಕೆ ಚೆನ್ನಾಗಿತ್ತು.

ಹೊಸ ಮೇಲ್ವಿಚಾರಕಿಯರಿಗೆ ನಾಯಕತ್ವ ಕಲಿಸಲು ಮೂರು ದಿನ ತರಬೇತಿ ಇಟ್ಟಿದ್ದರು. ಪಾಠ ಹೇಳಲು ಬಂದ ಹುಡುಗಿ, ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳಿ, ಹಿಂದೆ ನಿಂತವರು ಹಿಡಿಯುತ್ತಾರೆ, ಅದೇ ನಂಬಿಕೆ ಎಂದಳು. ನನ್ನ ತೂಕ ಆಗ ಎಪ್ಪತ್ತೆರಡು ಕಿಲೋ. ಹಿಡಿಯಬೇಕಾದವಳು ಪಾವಗಡದ ಒಬ್ಬ ಕಡ್ಡಿಯಂಥ ಹೆಂಗಸು. ನಾನು ಬೀಳಲಿಲ್ಲ.

"ನಂಬಿಕೆ ಇರಬೇಕು ಮೇಡಂ" ಎಂದಳು ಹುಡುಗಿ.

"ನಂಬಿಕೆ ಐತೆ ಕಣಮ್ಮ. ಆ ಯಮ್ಮನ ಸೊಂಟ ಉಳೀಬೇಕಲ್ಲ" ಎಂದೆ.

ಎಲ್ಲರೂ ನಕ್ಕರು. ನಗಿಸಿದೆನೆಂಬ ಖುಷಿಯಲ್ಲಿ ಮಿಕ್ಕ ಎರಡು ದಿನ ಅವಳು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ.

ಹಾಗಾಗಿ ನಾನು ನಾಯಕತ್ವ ಕಲಿತದ್ದು ನನ್ನ ಮೇಲೆ ಬಂದು ಹೋದ ಮೇಲ್ವಿಚಾರಕಿಯರನ್ನು ನೋಡಿ. ಒಬ್ಬರು ರಿಜಿಸ್ಟರ್ ನೋಡುತ್ತಿದ್ದರೇ ಹೊರತು ಮಕ್ಕಳನ್ನು ನೋಡುತ್ತಿರಲಿಲ್ಲ. ಇನ್ನೊಬ್ಬರು ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತ ನಮ್ಮ ಕಷ್ಟ ಸುಖ ಕೇಳುತ್ತಿದ್ದರು. ಮೂರನೆಯವರು ಬಸ್ಸಿಳಿದರೆ ಸಾಕು, ನಾನು ಕೈಲಿದ್ದದ್ದನ್ನು ಬಿಟ್ಟು ರಿಜಿಸ್ಟರ್ ಹುಡುಕಲು ಓಡುತ್ತಿದ್ದೆ. ಅವರು ಬೈದು ಹೋದ ದಿನ ನಾನು ಅಡುಗೆ ಕೋಣೆಯಲ್ಲಿ ನಿಂತು ಅತ್ತದ್ದುಂಟು. ಆದರೂ ನಾನು ಮೇಲ್ವಿಚಾರಕಿಯಾದಾಗ ಆಗಬೇಕೆನಿಸಿದ್ದು ಆ ಮೂರನೆಯವರ ಹಾಗೆಯೇ. ಕಾರಣ ಕೇಳಬೇಡಿ. ಅತ್ತೆಯಿಂದ ಬೈಸಿಕೊಂಡ ಎಷ್ಟು ಸೊಸೆಯರು ಅತ್ತೆಯಾದ ಮೇಲೆ ಬಾಯಿ ಮುಚ್ಚಿಕೊಂಡಿದ್ದಾರೆ, ನೀವೇ ಎಣಿಸಿ ನೋಡಿ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳ ತೂಕ ನೋಡುತ್ತಾರೆ. ವಯಸ್ಸಿಗೆ ತಕ್ಕ ತೂಕವಿದ್ದರೆ ಪಟ್ಟಿಯಲ್ಲಿ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಕೆಂಪು ಬಂದ ಮಗುವನ್ನು ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಇಂಥ ಮಕ್ಕಳನ್ನು ತಾಯಿಯ ಸಮೇತ ಎರಡು ವಾರ ಇಟ್ಟುಕೊಂಡು ಉಣಿಸಿ ಕಳಿಸುವ ವಾರ್ಡ್ ಇದೆ. ನಾನು ತಿಂಗಳ ಮೀಟಿಂಗಿನಲ್ಲಿ ಒಂದು ಪದ್ಧತಿ ಮಾಡಿದೆ. ಯಾರ ಪಟ್ಟಿಯಲ್ಲಿ ಕೆಂಪು ಇದೆಯೋ ಅವರು ಎದ್ದು ನಿಂತು ಕಾರಣ ಹೇಳಬೇಕು. ಹೇಳಿ ಮುಗಿಯುವವರೆಗೆ ಕೂರುವಂತಿಲ್ಲ.

ಪ್ರತಿ ತಿಂಗಳೂ ನಿಲ್ಲುತ್ತಿದ್ದವಳು ಶಾಂತಮ್ಮ. ಗಡಿಯ ಹತ್ತಿರದ ಒಂದು ಸಣ್ಣ ಊರಿನ ಕಾರ್ಯಕರ್ತೆ. ಅವಳ ಊರಿನಲ್ಲಿ ಅಪ್ಪ ಅಮ್ಮಂದಿರು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೋಗಿ, ಮಕ್ಕಳು ಅಜ್ಜಿಯರ ಕೈಯಲ್ಲಿರುತ್ತಿದ್ದವು. ನನಗೆ ಅದು ಗೊತ್ತಿತ್ತು. ಆದರೂ ಒಂದು ಮೀಟಿಂಗಿನಲ್ಲಿ ಕೇಳಿದೆ, "ನಿನ್ ಮಕ್ಕಳಿಗೆ ಮಾತ್ರ ಅದೇನಮ್ಮ ರೋಗ? ಮೊಟ್ಟೆ ಅವಕ್ಕೆ ಕೊಡ್ತೀಯೋ, ಇಲ್ಲ ನೀನೇ ಬೇಯಿಸ್ಕಂಡು ತಿಂತೀಯೋ?"

ಕೆಲವರು ನಕ್ಕರು. ಶಾಂತಮ್ಮ ನಗಲಿಲ್ಲ. "ತಕ್ಕಡೀಲಿ ಎಷ್ಟು ಬಂತೋ ಅಷ್ಟು ಬರ್ದಿವ್ನಿ ಮೇಡಂ."

"ಬಂದಷ್ಟು ಬರೆಯೋಕೆ ನೀನ್ಯಾಕೆ ಬೇಕು? ಮುಂದಿನ ತಿಂಗ್ಳು ನಿನ್ ಪಟ್ಟೀಲಿ ಕೆಂಪು ಕಾಣಬಾರ್ದು, ಅಷ್ಟೇಯ."

ಮುಂದಿನ ತಿಂಗಳು ಕಾಣಲಿಲ್ಲ. ಅವಳದ್ದಷ್ಟೇ ಅಲ್ಲ, ನಿಧಾನವಾಗಿ ಯಾರ ಪಟ್ಟಿಯಲ್ಲೂ ಕಾಣಲಿಲ್ಲ. ಮೂವತ್ತು ಊರು ಮುಂಗಾರು ಬಂದ ಹೊಲದ ಹಾಗೆ ಹಸಿರಾದವು. ಮೇಲಿನವರು ಎಲ್ಲರೆದುರು ನನ್ನನ್ನು ಹೊಗಳಿದರು. ನಾನು ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ಆಮೇಲೆ ಮಾರ್ಚ್ ಬಂತು. ನಮ್ಮ ಕಡೆಯ ಮಾರ್ಚ್ ಗೊತ್ತಲ್ಲ, ಬಸ್ಸಿನ ಕಂಬಿ ಮುಟ್ಟಿದರೆ ಕೈ ಸುಡುತ್ತದೆ. ತೂಕದ ದಿನ ಶಾಂತಮ್ಮನ ಕೇಂದ್ರಕ್ಕೆ ಹೋದೆ. ನಾಲ್ಕು ಮಕ್ಕಳು ಸ್ವೆಟರ್ ಹಾಕಿಕೊಂಡು ಸಾಲಾಗಿ ಕೂತಿದ್ದವು. ನನಗೆ ಮೊದಲು ಹೊಳೆದದ್ದು, ಎಷ್ಟು ನೀಟಾಗಿ ಇಟ್ಟಿದ್ದಾಳೆ ಎಂದು. ಬುದ್ಧಿಗೆ ಆಮೇಲೆ ಬಿಸಿಲು ತಟ್ಟಿತು.

"ಸ್ವೆಟರ್ ಯಾಕಮ್ಮ ಈ ಬಿಸ್ಲಲ್ಲಿ?"

"ಶೀತ ಮೇಡಂ" ಎಂದಳು ಶಾಂತಮ್ಮ, ಗೋಡೆ ನೋಡುತ್ತ.

ತುದಿಯಲ್ಲಿದ್ದ ಎರಡೂವರೆ ವರ್ಷದ ಗೌರಿಯ ಸ್ವೆಟರ್ ಬಿಚ್ಚಿದೆ. ಒಳಗೊಂದು ಫ್ರಾಕು. ಅದರೊಳಗೆ ಇನ್ನೊಂದು. ಅದರೊಳಗೆ ಪಕ್ಕೆಲುಬು. ಕಾಲಲ್ಲಿ ದಪ್ಪ ಬೆಳ್ಳಿ ಕಡಗ. ಪಾಪ, ಅಜ್ಜಿ ಬಾಗಿಲ ಬಳಿಯಿಂದಲೇ ಹೇಳಿದಳು, "ಕಡಗ ನಮ್ದಲ್ಲ ಕಣಮ್ಮ, ಟೀಚರಮ್ಮನ ಮಗಳ್ದು. ತೂಕ ಮಾಡೋವಾಗ ಹಾಕಿ ಆಮ್ಯಾಕೆ ಬಿಚ್ಕಂತಾರೆ."

ಎಲ್ಲ ಬಿಚ್ಚಿ ತೂಗಿದೆ. ಪುಸ್ತಕದಲ್ಲಿ ಮೂರು ತಿಂಗಳಿಂದ ಒಂಬತ್ತು ಕಿಲೋ, ಹಳದಿ. ತಕ್ಕಡಿಯಲ್ಲಿ ಎಂಟೂಕಾಲು. ಮೂರು ತಿಂಗಳ ಹಿಂದೆಯೇ ಆಸ್ಪತ್ರೆ ಸೇರಬೇಕಾಗಿದ್ದ ಕೂಸು.

"ಏನೇ ಇದು?" ಎಂದೆ. ಆ ಹೊತ್ತಿಗೆ ನನ್ನ ದನಿ ಎಲ್ಲೋ ಹೋಗಿತ್ತು.

"ಕೆಂಪು ಕಾಣಬಾರ್ದು ಅಂದ್ರಲ್ಲ ಮೇಡಂ. ಕಾಣದಂಗೆ ಮಾಡಿದೆ. ನಮ್ಮನೇಲಿರೋ ಮೊಟ್ಟೇನೂ ತಂದು ಉಣ್ಣಿಸ್ತಿದ್ದೆ, ಇವತ್ತಲ್ಲ ನಾಳೆ ಏರ್ತಳೆ ಅನ್ಕಂಡು. ಏರ್ಲಿಲ್ಲ."

ಅವತ್ತೇ ಮಗುವನ್ನೂ ಅಜ್ಜಿಯನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ವೆಟರಿನ ಮಿಕ್ಕ ಮೂವರನ್ನೂ ಅದೇ ವಾರ ತೋರಿಸಿದೆವು. ಅಮ್ಮನಿಗೆ ಫೋನ್ ಮಾಡಿಸಿದೆವು, ಅವಳು ಮರುದಿನ ಬಂದು ಸೇರಿಕೊಂಡಳು. ಎರಡು ವಾರದಲ್ಲಿ ಗೌರಿ ಚೇತರಿಸಿಕೊಂಡಳು. ಮುಂಚೆಯೇ ತಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದರು ಡಾಕ್ಟರು. ಈಗ ಅವಳು ಶಾಲೆಗೆ ಹೋಗುತ್ತಾಳೆ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ. ಆ ಮೂರು ತಿಂಗಳಿಂದ ಹಾಗಾಯಿತು ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ.

ಶಾಂತಮ್ಮನನ್ನು ಒಂದು ದಿನ ಕರೆದು, ಬಾಗಿಲು ಮುಂದೆ ಮಾಡಿ, ತಪ್ಪು ನನ್ನದು ಎಂದೆ. ಅವಳು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದಳು. "ಮೊಟ್ಟೆ ತಿಂತೀಯಾ ಅಂದಿದ್ದು ಮೂವತ್ತು ಜನದ ಮುಂದೆ. ಇದನ್ನ ಮಾತ್ರ ಬಾಗ್ಲಾಕ್ಕಂಡು ಹೇಳ್ತೀರಲ್ಲ ಮೇಡಂ."

ಮುಂದಿನ ಮೀಟಿಂಗಿನಲ್ಲಿ ಹೇಳುತ್ತೇನೆ ಎಂದೆ. ಆ ಮೀಟಿಂಗಿಗೆ ಮೇಲಿನವರು ಬಂದಿದ್ದರು, ಹೇಳಲಾಗಲಿಲ್ಲ. ಅದರ ಮುಂದಿನ ಮೀಟಿಂಗಿಗೆ ಯಾರೂ ಬಂದಿರಲಿಲ್ಲ, ಆಗಲೂ ಹೇಳಲಿಲ್ಲ. ಎಬ್ಬಿಸಿ ನಿಲ್ಲಿಸುವ ಪದ್ಧತಿಯನ್ನೇನೋ ಬಿಟ್ಟೆ. ಯಾಕೆ ಬಿಟ್ಟೆ ಎಂದು ಬಾಯಿ ಬಿಡಲಿಲ್ಲ. ಕಾರ್ಯಕರ್ತೆಯರೂ ನನ್ನೆದುರು ನಿಜ ಬಾಯಿ ಬಿಡಲಿಲ್ಲ. ಯಾವ ಕೇಂದ್ರಕ್ಕೆ ಹೋದರೂ ಎಲ್ಲ ಚೆನ್ನಾಗಿದೆ ಮೇಡಂ ಎನ್ನುತ್ತಿದ್ದರು, ನಾನೇ ಒಂದೊಂದು ಮಗುವಿನ ಅಂಗಿ ಬಿಚ್ಚಿ ನೋಡಬೇಕಿತ್ತು. ಬೀಳ್ಕೊಡುಗೆಯ ದಿನ ಶಾಲು ಹೊದ್ದು, ಮೈಕು ಹಿಡಿದು, ನನ್ನ ಸೇವೆಯ ಬಗ್ಗೆ ನಾನೇ ಮಾತಾಡಿ ಇಳಿದೆ. ಶಾಂತಮ್ಮ ಮೂರನೇ ಸಾಲಿನಲ್ಲಿದ್ದಳು. ಚಪ್ಪಾಳೆಯನ್ನೂ ತಟ್ಟಿದಳು.

ನಾನು ಮನೆಗೆ ಬಂದು ನಾಲ್ಕು ವರ್ಷವಾಯಿತು. ಈಗ ಆ ಜಾಗದಲ್ಲಿ ಶಿರಾದ ನಸ್ರೀನ್ ಎಂಬ ಹುಡುಗಿ ಇದ್ದಾಳೆ. ಮೊನ್ನೆ ನನ್ನನ್ನು ಹುಡುಕಿಕೊಂಡು ಬಂದಳು. "ನನಗೆ ಜೋರು ಮಾಡೋಕೆ ಬರಲ್ಲ ಅಮ್ಮ. ಯಾರೂ ನನಗೆ ಹೆದರಲ್ಲ. ನೀವು ಎಷ್ಟು ಸ್ಟ್ರಿಕ್ಟು ಅಂತ ಎಲ್ಲರೂ ಹೇಳ್ತಾರೆ. ಒಂದ್ಸಲ ಮೀಟಿಂಗಿಗೆ ಬಂದು ಮಾತಾಡಿ."

ಹೋದೆ. ಜೋರು ಮಾಡುವುದನ್ನು ಕಲಿಸಲಿಲ್ಲ. ಸ್ವೆಟರಿನ ಕತೆಯನ್ನು, ಮೊಟ್ಟೆಯ ಮಾತನ್ನು ಬಿಡದೆ, ಇದ್ದ ಹಾಗೆ ಹೇಳಿದೆ. ಹಳಬರು ತಲೆ ತಗ್ಗಿಸಿದರು. ಕೇಳಿಸಿಕೊಳ್ಳಬೇಕಾದವಳು ಮಾತ್ರ ಅಲ್ಲಿರಲಿಲ್ಲ. ಶಾಂತಮ್ಮ ಹೋದ ವರ್ಷವೇ ಕೆಲಸ ಮುಗಿಸಿ ಬಲಸಮುದ್ರದ ಮಗಳ ಮನೆ ಸೇರಿದ್ದಾಳಂತೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಬೇಕೆಂದು ಕೇಳುವ ಮುಖ ನನಗೂ ಇಲ್ಲ.

ನಾನು ಕೂತ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೊಸ ಕಾರ್ಯಕರ್ತೆ ಕೈ ಎತ್ತಿದಳು. ನಸ್ರೀನಳ ಕಡೆ ನೋಡಿ, "ಮೇಡಂ, ನಮ್ಮ ಕೇಂದ್ರದಾಗೆ ಎರಡು ಕೆಂಪು ಅವೆ. ಹೋದ ತಿಂಗ್ಳು ಹಳದಿ ಅಂತ ಬರ್ದ್‌ಬುಟ್ಟಿದ್ದೆ" ಎಂದಳು.

"ನಾಳೆ ಇಬ್ಬರೂ ಹೋಗೋಣ, ಮಕ್ಕಳನ್ನ ರೆಡಿ ಮಾಡ್ಸಿ" ಎಂದಳು ನಸ್ರೀನ್, ದನಿ ಒಂಚೂರೂ ಏರಿಸದೆ.

ಕಾರ್ಯಕರ್ತೆಯೊಬ್ಬಳು ತಾನಾಗಿ ಹೇಳಿದ ಅಂಥದೊಂದು ನಿಜ ಮೀಟಿಂಗಿನಲ್ಲಿ ನನ್ನ ಕಿವಿಗೆ ಬೀಳಲು ನಾನು ನಿವೃತ್ತಿಯಾಗಬೇಕಾಯಿತು.